ಹೆಬ್ಬಾಳದ ಸೀರಂ, ನಮ್ಮ ರೊಪ್ಪದ ಕುರಿ: ಒಂದು ಸಂಸ್ಥೆಯ ನೂರು ವರ್ಷ

ಚಿತ್ರದುರ್ಗ ಜಿಲ್ಲೆಯ ಮಾಡದಕೆರೆ ಹೋಬಳಿಯಲ್ಲಿ ಇವತ್ತು ಮೂವತ್ತರ ಒಳಗಿನ ಯಾವ ರೈತನೂ ದನಗಳ ದೊಡ್ಡರೋಗವನ್ನು ಕಣ್ಣಾರೆ ಕಂಡವನಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಹಿರಿಯರ ಬಾಯಲ್ಲಿ ಅದು ಶಾಪದ ಮಾತಾಗಿ ಉಳಿದಿದೆ ಅಷ್ಟೆ. ಎರಡು ವಾರದೊಳಗೆ ಊರಿನ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ಆ ಕಾಯಿಲೆ ಭಾರತದಲ್ಲಿ ಕೊನೆಯ ಬಾರಿ ಕಾಣಿಸಿಕೊಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. 2006ರಲ್ಲಿ ನಮ್ಮ ದೇಶ, 2011ರಲ್ಲಿ ಇಡೀ ಜಗತ್ತು ಅದರಿಂದ ಬಿಡುಗಡೆಯಾಯಿತೆಂದು ಘೋಷಣೆಯಾಯಿತು. ಮನುಷ್ಯ ಪಟ್ಟುಹಿಡಿದು ಭೂಮಿಯ ಮೇಲಿಂದ ಪೂರ್ತಿ ಅಳಿಸಿಹಾಕಿದ ಕಾಯಿಲೆಗಳು ಇದುವರೆಗೆ ಎರಡೇ. ಒಂದು ಸಿಡುಬು, ಇನ್ನೊಂದು ಈ ದೊಡ್ಡರೋಗ.

ಎರಡನೆಯ ಗೆಲುವಿನಲ್ಲಿ ಪಾಲುಳ್ಳ ಸಂಸ್ಥೆಯೊಂದು ನಮ್ಮಿಂದ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ಹೆಬ್ಬಾಳದಲ್ಲಿದೆ. 1925ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ಕಟ್ಟಿದಾಗ ಅದರ ಹೆಸರು ಮೈಸೂರು ಸೀರಂ ಇನ್‌ಸ್ಟಿಟ್ಯೂಟ್. ಇಂದು ಅದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಒಂದು ಅಂಗ. ನೂರು ವರ್ಷ ತುಂಬಿದ ಸಂಸ್ಥೆಯ ಚರಿತ್ರೆಯನ್ನು ಕಟ್ಟಡ, ನಿರ್ದೇಶಕರು, ಬಿರುದುಗಳ ಮೂಲಕ ಹೇಳುವುದು ರೂಢಿ. ಬಯಲುಸೀಮೆಯ ಕಡೆಯಿಂದ ಬರೆಯುವ ನನಗೆ ಅದನ್ನು ಕೊಟ್ಟಿಗೆಯ ಬಾಗಿಲಿನಿಂದ, ಕುರಿರೊಪ್ಪದ ಬೇಲಿಯಿಂದ ನೋಡಿ ಹೇಳಬೇಕೆನಿಸಿದೆ. ಅಲ್ಲಿ ತಯಾರಾದ ಸೀಸೆಯ ಔಷಧಿ ಕೊನೆಗೆ ಮೈಸೇರಿದ್ದು ಇಲ್ಲಿಯ ದನಕುರಿಗಳಿಗೇ.

ದೊಡ್ಡರೋಗ ಏನೆಂದು ಈಗಿನವರಿಗೆ ಹೇಳಲೇಬೇಕು. ಮೊದಲು ಜೋರು ಜ್ವರ. ಕಣ್ಣಲ್ಲಿ, ಮೂಗಲ್ಲಿ ನೀರು. ವಸಡು, ನಾಲಿಗೆ, ತುಟಿಯ ಒಳಗೆಲ್ಲ ಹುಣ್ಣು, ಮೇವು ಮುಟ್ಟದು. ಆಮೇಲೆ ದುರ್ನಾತದ ಭೇದಿ ಹತ್ತಿ, ನೀರೆಲ್ಲ ಬತ್ತಿ, ಒಂದರಿಂದ ಎರಡು ವಾರದೊಳಗೆ ಸಾವು. ಹಿಂದೆಂದೂ ಈ ರೋಗ ಸೋಂಕದ ಮಂದೆಗೆ ಹೊಕ್ಕರೆ ಹತ್ತರಲ್ಲಿ ಎಂಟು ಒಂಬತ್ತು ದನ ಹೋಗುತ್ತಿದ್ದವು. ಬದುಕುಳಿದ ದನಕ್ಕೆ ಮಾತ್ರ ಜೀವಮಾನದಲ್ಲಿ ಅದು ಮತ್ತೆ ಬರುತ್ತಿರಲಿಲ್ಲ. ಈ ಒಂದು ಸಂಗತಿ ಮುಂದಿನ ಎಲ್ಲ ಔಷಧಿಗೂ ದಾರಿಯಾಯಿತು.

ಟ್ರ್ಯಾಕ್ಟರ್ ಇಲ್ಲದ ಕಾಲದಲ್ಲಿ ಎತ್ತು ಸತ್ತರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿ ನೋಡಿ. ರಾಗಿ ಬಿತ್ತನೆಗೆ ಸಿಗುವುದು ಕೆಲವೇ ದಿನದ ಹದ. ಆ ಹದಕ್ಕೆ ಜೋಡೆತ್ತು ಇಲ್ಲದಿದ್ದರೆ ಹೊಲ ಬೀಳು. ನೆರೆಯವರ ಹತ್ತಿರ ಮುಯ್ಯಿಗೆ ಎತ್ತು ಕೇಳೋಣವೆಂದರೆ ಅವರ ಕೊಟ್ಟಿಗೆಯೂ ಬರಿದು. ಗೊಬ್ಬರವಿಲ್ಲ, ಕಪಿಲೆ ಹೊಡೆಯಲು ಜೊತೆಯಿಲ್ಲ, ಗಾಡಿ ಕಟ್ಟುವಂತಿಲ್ಲ. ಮಳೆ ಚೆನ್ನಾಗಿ ಬಂದ ವರ್ಷವೂ ಬರಗಾಲವಾಗುತ್ತಿತ್ತು. ಜನ ಮಾಡಬಲ್ಲದ್ದನ್ನು ಮಾಡಿದರು: ಮಾರಿಗೆ ಹರಕೆ ಹೊತ್ತು, ಅವಳನ್ನು ಮೆರವಣಿಗೆಯಲ್ಲಿ ಊರ ಗಡಿ ದಾಟಿಸಿ ಬಂದರು. ಗಡಿಯಾಚೆಯ ಊರಿನವರು ಅವಳನ್ನು ಇನ್ನೊಂದು ಗಡಿ ದಾಟಿಸಿದರು. ಅದನ್ನು ಮೌಢ್ಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾಯಿಲೆ ಊರಿಂದೂರಿಗೆ ನಡೆದು ಬರುತ್ತದೆ, ಗಡಿಯಲ್ಲಿ ಅದಕ್ಕೆ ಏನಾದರೂ ಮಾಡಬೇಕು ಎಂಬ ಅರಿವು ಆ ಆಚರಣೆಯೊಳಗೆ ಇತ್ತು. ಗಡಿಯಲ್ಲಿ ನಿಲ್ಲಿಸುವ ಕೈ ಮಾತ್ರ ಇರಲಿಲ್ಲ.

ಆ ಕೈಯನ್ನು ಕಟ್ಟುವ ಕೆಲಸ ಸರ್ಕಾರಗಳದು, ಮತ್ತು ಜಗತ್ತಿನಾದ್ಯಂತ ಸರ್ಕಾರಗಳು ಅದನ್ನು ಕಲಿತದ್ದು ಇದೇ ರೋಗದ ಹೊಡೆತದಿಂದ. ಜಗತ್ತಿನ ಮೊದಲ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಹುಟ್ಟಿದ್ದಕ್ಕೆ ದೊಡ್ಡರೋಗವೇ ದೊಡ್ಡ ಕಾರಣ. ಭಾರತದಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಜಾನುವಾರು ಪಿಡುಗಿನ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿ ತೆರೆಯಿತು. ಊರಿನ ನಡುವೆ ಇಂಥ ರೋಗಾಣು ಇಟ್ಟುಕೊಳ್ಳುವುದು ತರವಲ್ಲವೆಂದು ಕೆಲವೇ ವರ್ಷಗಳಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. 1897ರಲ್ಲಿ ರೋಗಾಣು ವಿಜ್ಞಾನಿ ರಾಬರ್ಟ್ ಕಾಕ್ ಅಲ್ಲಿಗೆ ಬಂದುಹೋದರು. ಅಲ್ಲಿ ಸೀರಂ ತಯಾರಿ ಶುರುವಾದದ್ದು ಆ ಶತಮಾನದ ಕೊನೆಗೆ.

ಇನ್ನೊಂದು ಘಟನೆಯಂತೂ ನಮ್ಮ ದನಗಳದ್ದೇ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ಗೂಳಿ ಹಸುಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದು ತಂಗಿದವು. ಅವುಗಳಿಂದ ಯುರೋಪಿನ ದನಗಳಿಗೆ ದೊಡ್ಡರೋಗ ಹತ್ತಿತು. ಆ ಗಾಬರಿಯಲ್ಲಿ ದೇಶಗಳು ಕೂತು ಮಾತಾಡಿ, ಒಂದು ನಾಡಿನಲ್ಲಿ ಜಾನುವಾರು ಪಿಡುಗು ಕಂಡರೆ ಉಳಿದವರಿಗೆ ತಕ್ಷಣ ತಿಳಿಸಬೇಕೆಂದು ಒಪ್ಪಿ, 1924ರ ಜನವರಿಯಲ್ಲಿ 28 ದೇಶಗಳು ಸೇರಿ ಪ್ಯಾರಿಸ್‌ನಲ್ಲಿ ಒಂದು ಅಂತರರಾಷ್ಟ್ರೀಯ ಕಚೇರಿ ಸ್ಥಾಪಿಸಿದವು. ಇಂದಿನ ವಿಶ್ವ ಪಶು ಆರೋಗ್ಯ ಸಂಸ್ಥೆ ಅದೇ. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಎರಡು ದಶಕ ಮೊದಲೇ ದನದ ಕಾಯಿಲೆ ದೇಶಗಳನ್ನು ಒಂದು ಮೇಜಿಗೆ ಕರೆತಂದಿತ್ತು. ಹೆಬ್ಬಾಳದ ಸೀರಂ ಸಂಸ್ಥೆ ಶುರುವಾದದ್ದು ಅದರ ಮರುವರ್ಷ.

ಮುಕ್ತೇಶ್ವರದಲ್ಲಿ ಸೀರಂ ಸಿಗುತ್ತಿದ್ದಾಗ ಮೈಸೂರಿಗೆ ತನ್ನದೇ ಸಂಸ್ಥೆ ಯಾಕೆ ಬೇಕಿತ್ತು? ನಕ್ಷೆ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಕುಮಾವೂನ್ ಬೆಟ್ಟದಿಂದ ಸೀಸೆ ಇಳಿದು, ರೈಲು ಬದಲಿಸುತ್ತ ದಕ್ಷಿಣಕ್ಕೆ ಬರುವಷ್ಟರಲ್ಲಿ ರೋಗ ಮೂರು ಹೋಬಳಿ ದಾಟಿರುತ್ತಿತ್ತು. ಹೆಬ್ಬಾಳದಲ್ಲಾದರೆ ಸಂಜೆ ರೈಲಿಗೆ ಹಾಕಿದ್ದು ಮಾರನೆಯ ದಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಗಾಡಿಯಲ್ಲಿ ಹಳ್ಳಿ ತಲುಪಬಹುದಿತ್ತು. ಹಳ್ಳಿಕಾರ್, ಅಮೃತಮಹಲ್ ತಳಿಗಳ ನಾಡಿಗೆ ಈ ಸಾಮೀಪ್ಯ ಸಣ್ಣ ಮಾತಲ್ಲ. ಹೊಸದುರ್ಗಕ್ಕೆ ಅಂಟಿಕೊಂಡ ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ತಳಿ ಸಂವರ್ಧನೆ ನಡೆಯುತ್ತಿದೆ. ಅಂತರಘಟ್ಟೆಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವ ಸೀಮೆ ನಮ್ಮದು. ಜಾತ್ರೆ, ಸಂತೆಗಳಲ್ಲಿ ನಾಲ್ಕು ಕಡೆಯ ದನ ಒಂದೆಡೆ ಸೇರಿದರೆ ರೋಗಕ್ಕೆ ಬೇರೆ ದಾರಿ ಹುಡುಕಬೇಕಾಗಿಯೇ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ಕಾಲದ ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆಗಳನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ. ಈ ಸೀರಂ ಸಂಸ್ಥೆಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸೀರಂ ಮಾಡುವ ಕೆಲಸ ರಕ್ತದ ಕೆಲಸ. ರೋಗಕ್ಕೆ ಒಗ್ಗಿ ಉಳಿದ ದನಗಳಿಗೆ ರೋಗದ ರಕ್ತವನ್ನೇ ಹೆಚ್ಚಿನ ಪ್ರಮಾಣದಲ್ಲಿ ಚುಚ್ಚಿ, ಅವುಗಳ ಮೈಯಲ್ಲಿ ಪ್ರತಿರೋಧ ಉಕ್ಕಿದಾಗ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ತಿಳಿಯನ್ನು ಬೇರ್ಪಡಿಸಬೇಕು. ಆ ತಿಳಿಯೇ ಸೀರಂ. ಅದನ್ನು ಚುಚ್ಚಿಸಿಕೊಂಡ ದನಕ್ಕೆ ಕೂಡಲೇ ರಕ್ಷಣೆ ಸಿಗುತ್ತದೆ, ಆದರೆ ಎರವಲು ತಂದ ರಕ್ಷಣೆ. ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಸೀರಂ ಉಪಯೋಗಕ್ಕೆ ಬರುತ್ತಿದ್ದದ್ದು ಬೆಂಕಿ ಬಿದ್ದ ಮೇಲೆ. ಮಾಡದಕೆರೆಯಲ್ಲಿ ರೋಗ ಕಂಡಿತೆಂದು ಸುದ್ದಿ ಬಂದರೆ ಸುತ್ತಲಿನ ಹಳ್ಳಿಗಳ ದನಕ್ಕೆ ಸೀರಂ ಹಾಕಿ ರೋಗವನ್ನು ಅಲ್ಲೇ ಕಟ್ಟಿಹಾಕಬೇಕು. ಸುದ್ದಿ ತಡವಾದರೆ ಸೀರಂ ವ್ಯರ್ಥ. ಸೀರಂನ ಜೊತೆಗೇ ರೋಗದ ರಕ್ತವನ್ನೂ ಕೊಟ್ಟು ಕಾಯಂ ರಕ್ಷಣೆ ತರಿಸುವ ಪದ್ಧತಿಯೂ ಇತ್ತು. ಅದರಲ್ಲಿ ಕೈ ತಪ್ಪಿದರೆ ರೋಗವನ್ನು ನಾವೇ ಹಂಚಿದಂತೆ. ಬೇರೆ ರಕ್ತರೋಗಗಳೂ ಜೊತೆಗೆ ಬರುತ್ತಿದ್ದವು.

ಈ ಇಕ್ಕಟ್ಟನ್ನು ಬಿಡಿಸಿದವರು ಮುಕ್ತೇಶ್ವರದ ಜೆ. ಟಿ. ಎಡ್ವರ್ಡ್ಸ್. ರೋಗಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತ ಹೋದಾಗ ದನಕ್ಕೆ ಅದರ ಉಗ್ರತೆ ಕುಗ್ಗುತ್ತದೆ, ರಕ್ಷಣೆ ಕೊಡುವ ಗುಣ ಉಳಿಯುತ್ತದೆ ಎಂದು ಅವರು 1920ರ ದಶಕದ ಕೊನೆಯಲ್ಲಿ ತೋರಿಸಿದರು. ಒಮ್ಮೆ ಹಾಕಿದರೆ ನಾಟಿ ದನಕ್ಕೆ ಬಾಳಿನುದ್ದಕ್ಕೂ ಸಾಕು. ಇದರಿಂದ ಸರ್ಕಾರದ ಕೆಲಸದ ರೀತಿಯೇ ತಿರುಗಿತು. ರೋಗ ಬಂದಮೇಲೆ ಓಡುವ ಬದಲು ಬರುವ ಮೊದಲೇ ಊರೂರಿಗೆ ಹೋಗುವುದು ಸಾಧ್ಯವಾಯಿತು. ಹೆಬ್ಬಾಳದಂಥದ್ದೇ ಸಂಸ್ಥೆ 1932ರಲ್ಲಿ ಮದ್ರಾಸ್ ಪ್ರಾಂತ್ಯದ ರಾಣಿಪೇಟೆಯಲ್ಲೂ ಶುರುವಾಯಿತು. ಸ್ವತಂತ್ರ ಭಾರತ 1954ರಲ್ಲಿ ದೇಶದಾದ್ಯಂತ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮ ಹಮ್ಮಿಕೊಂಡಾಗ ಇಂಥ ಪ್ರಾಂತೀಯ ಸಂಸ್ಥೆಗಳೇ ಅದರ ಕಣಜಗಳಾದವು.

ಮೇಕೆ ಲಸಿಕೆಗೆ ಒಂದು ದೋಷವಿತ್ತು. ಮಿಶ್ರತಳಿ ಹಸುಗಳು ಅದನ್ನು ತಡೆದುಕೊಳ್ಳುತ್ತಿರಲಿಲ್ಲ. ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ 1960ರ ಸುಮಾರಿಗೆ ಜೀವಕೋಶಗಳ ಸಾಕಣೆಯಲ್ಲಿ ಬೆಳೆಸಿದ ಲಸಿಕೆ ತಂದ ಮೇಲೆ ಯಾವ ತಳಿಗೂ, ಗಬ್ಬದ ಹಸುವಿಗೂ ಅಂಜದೆ ಹಾಕುವಂತಾಯಿತು. ಆದರೆ ಅದನ್ನು ತಂಪಿನಲ್ಲೇ ಇಡಬೇಕು. ದ್ರವದಲ್ಲಿ ಕಲಸಿದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕು. ಹೆಬ್ಬಾಳದ ಕೋಲ್ಡ್ ರೂಮಿನಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಹೋಬಳಿಯ ದನದ ಆಸ್ಪತ್ರೆಗೆ, ಕೊನೆಗೆ ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದ ಐಸ್ ಬಾಕ್ಸಿನಲ್ಲಿ ಹಟ್ಟಿಗೆ. ಕರೆಂಟು ಇಲ್ಲದ ಊರು, ಏಪ್ರಿಲ್ ತಿಂಗಳ ಬಿಸಿಲು. ಈ ಸರಪಳಿಯ ಯಾವ ಕೊಂಡಿ ಬಿಸಿಯಾದರೂ ಸೀಸೆಯಲ್ಲಿ ಉಳಿಯುವುದು ಬರಿಯ ನೀರು. ಹಾಕಿದವನಿಗೂ ಹಾಕಿಸಿಕೊಂಡವನಿಗೂ ಅದು ಗೊತ್ತಾಗುವುದೇ ಇಲ್ಲ. ಅದಕ್ಕೇ ನೂರು ವರ್ಷದ ಗೌರವ ಸಲ್ಲಿಸುವಾಗ ಪ್ರಯೋಗಾಲಯದ ವಿಜ್ಞಾನಿಯ ಪಕ್ಕದಲ್ಲಿ ಆ ಐಸ್ ಬಾಕ್ಸ್ ಹೊತ್ತ ಕಾಂಪೌಂಡರ್, ಸ್ಟಾಕ್‌ಮನ್, ಡಿ-ಗ್ರೂಪ್ ನೌಕರನನ್ನೂ ಕೂರಿಸಬೇಕು. ಸರ್ಕಾರಿ ದಾಖಲೆಗಳಲ್ಲಿ ಅವರ ಹೆಸರು ಸಿಗುವುದು ಕಷ್ಟ.

ಇಷ್ಟೆಲ್ಲ ಆದರೂ ದಕ್ಷಿಣ ಭಾರತದಲ್ಲಿ ರೋಗ ಪೂರ್ತಿ ಸೋಲಲಿಲ್ಲ. ಉತ್ತರದ ಬಹುಭಾಗದಲ್ಲಿ ಅಡಗಿದ ಮೇಲೂ ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಅದು ಅಲ್ಲಲ್ಲಿ ತಲೆಯೆತ್ತುತ್ತಿತ್ತು. ಇಲ್ಲಿ ಕತೆಯೊಳಗೆ ಬರುವುದು ಕುರಿ. ನಮ್ಮ ಜಿಲ್ಲೆ ಕುರಿಯ ಜಿಲ್ಲೆ. ಸುಗ್ಗಿ ಮುಗಿದ ಮೇಲೆ ಬಯಲಿನ ಮಂದೆಗಳು ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಕಡೆ ಹೊರಡುತ್ತವೆ. ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವವರು ಕಾದಿರುತ್ತಾರೆ. ದಕ್ಷಿಣದ ಕುರಿ ಮೇಕೆಗಳಲ್ಲಿ ಕಾಣುತ್ತಿದ್ದ ಬಾಯಿಹುಣ್ಣು, ಕೆಮ್ಮು, ಭೇದಿಯ ಸಾವನ್ನು ಎಷ್ಟೋ ಕಾಲ ದೊಡ್ಡರೋಗವೆಂದೇ ಬರೆದುಕೊಳ್ಳಲಾಯಿತು. ಕುರಿಯಿಂದ ದನಕ್ಕೆ ಹರಡುತ್ತಿದೆಯೇ ಎಂಬ ಸಂದೇಹ ಇಡೀ ಕಾರ್ಯಕ್ರಮವನ್ನು ಕಾಡಿತು.

1987ರಲ್ಲಿ ತಮಿಳುನಾಡಿನ ವಿಲ್ಲುಪುರಂ ಭಾಗದ ಅರಸೂರಿನಲ್ಲಿ ಕುರಿಗಳು ಸತ್ತಾಗ ಈ ಗಂಟು ಬಿಚ್ಚಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ತಮಿಳುನಾಡಿನ ಪಶುವೈದ್ಯ ವಿಜ್ಞಾನಿಗಳು ಆ ರೋಗಾಣುವನ್ನು ಪರೀಕ್ಷಿಸಿ, ಇದು ದೊಡ್ಡರೋಗದ್ದಲ್ಲ, ಅದರ ದಾಯಾದಿಯಾದ ಪಿಪಿಆರ್‌ನದು ಎಂದು 1989ರಲ್ಲಿ ಪ್ರಕಟಿಸಿದರು. ಆಫ್ರಿಕಾದಲ್ಲಿ 1942ರಲ್ಲೇ ಗುರುತಿಸಿದ್ದ ರೋಗ ಅದು. ಭಾರತದಲ್ಲಿದೆಯೆಂದು ತಿಳಿದದ್ದು ಆಗ. ಒಂದೇ ಏಟಿಗೆ ಎರಡು ಕೆಲಸವಾಯಿತು. ದನದ ರೋಗವನ್ನು ಬೆನ್ನಟ್ಟುವವರಿಗೆ ತಮ್ಮ ಗುರಿ ಸ್ಪಷ್ಟವಾಯಿತು. ಕುರಿಗಾರನಿಗೆ ತನ್ನ ಮಂದೆಯನ್ನು ಕೊಲ್ಲುತ್ತಿರುವುದು ಯಾವುದೆಂದು ಗೊತ್ತಾಯಿತು. ರೋಗವನ್ನು ಸರಿಯಾಗಿ ಗುರುತಿಸುವುದು ಲಸಿಕೆಯಷ್ಟೇ ದೊಡ್ಡ ಸನ್ನದ್ಧತೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಡ. ಹೆಬ್ಬಾಳದಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಪ್ರಾದೇಶಿಕ ರೋಗನಿರ್ಣಯ ಪ್ರಯೋಗಾಲಯ ನೆಲೆಗೊಂಡದ್ದರ ಬೆಲೆಯನ್ನು ನಾನು ಅಳೆಯುವುದು ಈ ಅರಸೂರಿನ ಪಾಠದಿಂದ.

ಕೊನೆಯ ಹಂತದ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. 1995ರ ನಂತರ ರೋಗ ಕಾಣದಿದ್ದಾಗ ಲಸಿಕೆಯನ್ನು ಹಂತಹಂತವಾಗಿ ನಿಲ್ಲಿಸಲಾಯಿತು. ಲಸಿಕೆಯಿಂದ ಬಂದ ಪ್ರತಿರೋಧಕ್ಕೂ ರೋಗ ಬಂದುಹೋದ ಪ್ರತಿರೋಧಕ್ಕೂ ರಕ್ತಪರೀಕ್ಷೆಯಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಲಸಿಕೆ ಹಾಕುತ್ತಲೇ ಇದ್ದರೆ ರೋಗ ಹೋಯಿತೋ ಇಲ್ಲವೋ ಎಂದು ಎಂದಿಗೂ ಖಚಿತವಾಗುವುದಿಲ್ಲ. ದಶಕಗಳ ಕಾಲ ಹಾಕಿದ ಬೇಲಿಯನ್ನು ತಾವೇ ತೆಗೆದು ಕಾಯುವ ಎದೆಗಾರಿಕೆ ಅದು. ಆಮೇಲೆ ಶುರುವಾದದ್ದು ಹುಡುಕಾಟ. ಪಶು ಇಲಾಖೆಯವರು ಹಳ್ಳಿ ಹಳ್ಳಿಗೆ ಹೋಗಿ ಬಾಯಿಹುಣ್ಣು, ಭೇದಿಯ ದನವಿದೆಯೇ ಎಂದು ಕೇಳಿದರು. ದನಕುರಿ ನಡೆದುಹೋಗುವ ಹಾದಿಗಳನ್ನು ನೋಡಿದರು. ಆಸ್ಪತ್ರೆಗಳ ದಿನಚರಿ ಪುಸ್ತಕ ತಿರುವಿಹಾಕಿದರು. ರಕ್ತದ ಮಾದರಿ ತೆಗೆದರು. ವರ್ಷಗಟ್ಟಲೆ ಇಲ್ಲ, ಇಲ್ಲ ಎಂದೇ ಬರೆದುಕೊಂಡರು. ಆ ಇಲ್ಲಗಳೆಲ್ಲ ಒಟ್ಟಾಗಿ 2004ರಲ್ಲಿ ರೋಗಮುಕ್ತ, 2006ರಲ್ಲಿ ಸೋಂಕುಮುಕ್ತ ಎಂಬ ಎರಡು ಪ್ರಮಾಣಪತ್ರಗಳಾದವು. ಏನೂ ಸಿಗದ ಹುಡುಕಾಟವನ್ನು ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬಿಬರುತ್ತದೆ.

ದೊಡ್ಡರೋಗ ಹೋದರೂ ಹೆಬ್ಬಾಳದ ಒಲೆ ಆರಲಿಲ್ಲ. ಗಳಲೆ ರೋಗ, ಚಪ್ಪೆ ರೋಗ, ನೆರಡಿ, ಕುರಿಯ ಕರುಳುಬೇನೆ, ಕುರಿ ಸಿಡುಬು, ಕೋಳಿಯ ಕೊಕ್ಕರೆ ರೋಗ, ಪಿಪಿಆರ್ ಇವಕ್ಕೆಲ್ಲ ಅಲ್ಲಿ ಲಸಿಕೆ ತಯಾರಾಗುತ್ತ ಬಂದಿದೆ. ಇವುಗಳ ಪಂಚಾಂಗ ನಮ್ಮ ಮಳೆಯ ಪಂಚಾಂಗವೇ. ಗಳಲೆ, ಚಪ್ಪೆಗಳ ಲಸಿಕೆಯನ್ನು ಕೃತ್ತಿಕೆ, ರೋಹಿಣಿ ಮಳೆಯ ಹೊತ್ತಿಗೆ ಮುಗಿಸಬೇಕು. ಮುಂಗಾರು ಹಿಡಿದ ಮೇಲೆ ಸೂಜಿ ಹಾಕಿದರೆ ರಕ್ಷಣೆ ಬೆಳೆಯುವಷ್ಟರಲ್ಲಿ ರೋಗ ಬಂದಿರುತ್ತದೆ. ಕರುಳುಬೇನೆಯಂತೂ ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಹೊಟ್ಟೆತುಂಬ ಮೇಯ್ದ, ಮಂದೆಯಲ್ಲೇ ಕೊಬ್ಬಿದ ಮರಿಯನ್ನು ಆರಿಸಿ ರಾತ್ರೋರಾತ್ರಿ ಕೆಡವುತ್ತದೆ. ಕುರಿಗಾರ ಬೆಳಗ್ಗೆ ರೊಪ್ಪದ ಬಾಗಿಲು ತೆಗೆದಾಗ ಬಿದ್ದಿರುವುದು ಅವನು ಜಾತ್ರೆಗೆ ಮಾರಲೆಂದು ಇಟ್ಟಿದ್ದ ಮರಿ. ನೆರಡಿಯ ಅಪಾಯ ಬೇರೆಯದು. ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರಬಲ್ಲದು, ಮನುಷ್ಯನಿಗೂ ಹತ್ತುತ್ತದೆ. ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುವ ಕುರಿಯನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ನಷ್ಟವಾದ ಕುರಿಯ ಮಾಂಸವನ್ನಾದರೂ ಉಳಿಸಿಕೊಳ್ಳೋಣ ಎನ್ನುವ ಬಡವನ ಲೆಕ್ಕ ಅರ್ಥವಾಗುವಂಥದ್ದೇ. ಅದೇ ಲೆಕ್ಕ ಮನೆಮಂದಿಯ ಪ್ರಾಣಕ್ಕೆ ಬರಬಹುದು. ಇಂಥ ಕಡೆ ಪಶುವೈದ್ಯ, ಆರೋಗ್ಯ ಇಲಾಖೆ, ಗ್ರಾಮ ಪಂಚಾಯಿತಿ ಮೂವರೂ ಒಂದೇ ದಿನ ಊರಿಗೆ ಬರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಪ್ರಾಣಿಯ ಕಾಯಿಲೆ ಮನುಷ್ಯನ ಕಾಯಿಲೆಯೂ ಆಗಬಹುದೆಂಬ ಪಾಠವನ್ನು ಕರ್ನಾಟಕ ಓದಿತ್ತು.

ಹೆಬ್ಬಾಳದ ಆವರಣ ಬೇರೆ ಸಂಸ್ಥೆಗಳಿಗೂ ತೊಟ್ಟಿಲಾಯಿತು. ಜಾನುವಾರು ರೋಗಗಳ ಲೆಕ್ಕವಿಟ್ಟು ಮುನ್ಸೂಚನೆ ಕೊಡುವ ಕೇಂದ್ರದ ಕೆಲಸ 1987ರಲ್ಲಿ ಅಲ್ಲೇ ಆರಂಭವಾಗಿ, ಈಗ ಯಲಹಂಕದಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯಾಗಿದೆ. ಮುಂದಿನ ಎರಡು ತಿಂಗಳಲ್ಲಿ ಯಾವ ಜಿಲ್ಲೆಗೆ ಯಾವ ರೋಗದ ಭಯವಿದೆ ಎಂದು ಅದು ತಿಂಗಳು ತಿಂಗಳು ಹೇಳುತ್ತದೆ. ಹಕ್ಕಿಜ್ವರದಂಥ ಹೊರಗಿನ ರೋಗ ಬಂದಾಗ ಯಾರ ಕೆಲಸ ಯಾವುದು ಎನ್ನುವುದು ಇನ್ನೂ ಚೆನ್ನಾಗಿ ಕಾಣುತ್ತದೆ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಕೇಂ‌ದ್ರದಲ್ಲಿ ಟರ್ಕಿ ಕೋಳಿಗಳು ಸತ್ತವು. 2020ರ ಮಾರ್ಚಿನಲ್ಲಿ ನಮ್ಮ ನೆರೆಯ ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿ, ಅದೇ ಹೊತ್ತಿಗೆ ಮೈಸೂರಿನಲ್ಲಿ ಹಕ್ಕಿಜ್ವರ ಕಂಡಿತು. ಸತ್ತ ಕೋಳಿಯ ಮಾದರಿ ಭೋಪಾಲದ ಅತಿ ಭದ್ರತೆಯ ಪ್ರಯೋಗಾಲಯಕ್ಕೆ ಹೋಗಬೇಕು. ಅಲ್ಲಿಯ ಮಾತೇ ಅಂತಿಮ. ಅದು ಬಂದ ಕೂಡಲೇ ಜಿಲ್ಲಾಧಿಕಾರಿ ಸೋಂಕಿತ ವಲಯ ಘೋಷಿಸಬೇಕು, 1 ಕಿ.ಮೀ. ಒಳಗಿನ ಕೋಳಿಗಳನ್ನೆಲ್ಲ ಪಶು ಇಲಾಖೆ ಕೊಲ್ಲಬೇಕು, 10 ಕಿ.ಮೀ.ವರೆಗೆ ಕಣ್ಣಿಡಬೇಕು, ಕೋಳಿ ಮುಟ್ಟಿದವರ ಜ್ವರವನ್ನು ಆರೋಗ್ಯ ಇಲಾಖೆ ನೋಡಬೇಕು, ಸಾಗಣೆಯನ್ನು ಪೊಲೀಸರು ತಡೆಯಬೇಕು, ಕೋಳಿ ಕಳೆದುಕೊಂಡವರಿಗೆ ಪರಿಹಾರ ಕೊಡಬೇಕು. ಪರಿಹಾರ ತಡವಾದರೆ ಮುಂದಿನ ಸಲ ಯಾರೂ ಸುದ್ದಿ ಕೊಡುವುದಿಲ್ಲ. ಮನೆಯ ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕಿದ ಹೆಂಗಸಿಗೆ ಸಿಗುವ ಪರಿಹಾರವೂ ರೋಗ ತಡೆಯ ಸಲಕರಣೆಯೇ.

ಸೋಲುಗಳನ್ನು ಬಿಟ್ಟು ಚರಿತ್ರೆ ಬರೆಯುವುದು ಸಂಸ್ಥೆಗೆ ಮಾಡುವ ಅವಮಾನ. 2013ರ ದ್ವಿತೀಯಾರ್ಧದಲ್ಲಿ ದಕ್ಷಿಣ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಹರಡಿ ಸಾವಿರಾರು ದನಗಳು ಸತ್ತವು. ಹಾಲಿನ ದುಡ್ಡಲ್ಲಿ ಸಾಲದ ಕಂತು ಕಟ್ಟುತ್ತಿದ್ದ ಮನೆಗಳು ಕುಸಿದವು. ದೊಡ್ಡರೋಗಕ್ಕೆ ಒಂದು ಸೂಜಿ ಬಾಳಿಗೆಲ್ಲ ಸಾಕಾಗುತ್ತಿತ್ತು. ಕಾಲುಬಾಯಿಗೆ ಆರು ತಿಂಗಳಿಗೊಮ್ಮೆ ಹಾಕಬೇಕು, ಒಂದು ಸುತ್ತು ತಪ್ಪಿದರೂ ಬಾಗಿಲು ತೆರೆದಂತೆ. ಸೂಜಿ ಹಾಕಿಸಿದರೆ ಎರಡು ದಿನ ಹಾಲು ಕಡಿಮೆಯಾಗುತ್ತದೆಂದು, ಗಬ್ಬ ಹೋಗುತ್ತದೆಂದು ಜನ ಹಿಂಜರಿಯುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಮತ್ತು ಕಂದುರೋಗಗಳ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ದನದ ಕಿವಿಗೆ 12 ಅಂಕಿಯ ಓಲೆ ಹಾಕಿ, ಯಾವ ಹಸುವಿಗೆ ಯಾವಾಗ ಲಸಿಕೆಯಾಯಿತೆಂದು ದಾಖಲಿಸುವುದು ರೂಢಿಗೆ ಬಂತು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ವ್ಯಾಪಕವಾಗಿ ಹರಡಿದಾಗ ಅದಕ್ಕೆಂದೇ ತಯಾರಾದ ಲಸಿಕೆ ಹಳ್ಳಿಯಲ್ಲಿ ಇರಲಿಲ್ಲ. ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕಿ, ದನದ ಸಂತೆ ಜಾತ್ರೆಗಳನ್ನು ನಿಲ್ಲಿಸಿ ನಿಭಾಯಿಸಬೇಕಾಯಿತು.

ಕಾಗದದ ಮೇಲೆ ನಮ್ಮ ಸಿದ್ಧತೆ ಈಗ ಚೆನ್ನಾಗಿಯೇ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲಿ ಹೊರತಂದ ಜೈವಿಕ ವಿಪತ್ತುಗಳ ಮಾರ್ಗಸೂಚಿಯಲ್ಲಿ ಜಾನುವಾರುಗಳಿಗೂ ಒಂದು ಅಧ್ಯಾಯವಿದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರ ಕೇಂದ್ರ ಕಾನೂನಿದೆ; ರೋಗದ ಸುಳಿವು ಸಿಕ್ಕವರು ಗ್ರಾಮಾಧಿಕಾರಿ ಅಥವಾ ಗ್ರಾಮ ಪಂಚಾಯಿತಿಯ ಮೂಲಕ ಪಶುವೈದ್ಯರಿಗೆ ತಿಳಿಸಬೇಕೆಂದು ಅದು ಹೇಳುತ್ತದೆ. ಆದರೆ ಆ ಸುಳಿವು ಹೊತ್ತು ಬರುವ ಕುರಿಗಾರನಿಗೆ ಹೋಬಳಿಯ ಆಸ್ಪತ್ರೆಯ ಬಾಗಿಲು ತೆರೆದಿರಬೇಕು, ಒಳಗೆ ಒಬ್ಬ ವೈದ್ಯರಿರಬೇಕು. ಒಬ್ಬರೇ ವೈದ್ಯರು ಎರಡು ಮೂರು ಆಸ್ಪತ್ರೆಯ ಪ್ರಭಾರ ಹೊತ್ತು ಓಡಾಡುವ ಸ್ಥಿತಿಯಲ್ಲಿ ಕಾನೂನಿನ ಆ ಸಾಲು ಕಾಗದದಲ್ಲೇ ಉಳಿಯುತ್ತದೆ. ಶತಮಾನೋತ್ಸವದ ನೆನಪಿಗೆ ಏನಾದರೂ ಮಾಡಬೇಕೆಂದು ಸರ್ಕಾರಕ್ಕೆ ಮನಸ್ಸಾದರೆ ಖಾಲಿ ಹುದ್ದೆಗಳನ್ನು ತುಂಬಲಿ ಎಂದು ನಾನು ಬೇಡುತ್ತೇನೆ.

ದೊಡ್ಡರೋಗದ ರೋಗಾಣು ಊರುಗಳಿಂದ ಹೋಯಿತೇ ಹೊರತು ಪ್ರಯೋಗಾಲಯಗಳಿಂದ ಪೂರ್ತಿ ಹೋಗಿಲ್ಲ. ಬ್ರಿಟನ್ನಿನ ಪಿರ್‌ಬ್ರೈಟ್ ಸಂಸ್ಥೆ ತನ್ನಲ್ಲಿದ್ದ ಸಂಗ್ರಹವನ್ನು 2019ರಲ್ಲಿ ನಾಶ ಮಾಡಿತು. ಉಳಿದದ್ದನ್ನು ಜಗತ್ತಿನ ಬೆರಳೆಣಿಕೆಯ ಕೇಂದ್ರಗಳಲ್ಲಿ ಮಾತ್ರ ಇಡಬಹುದು. ಭೋಪಾಲದ ಪ್ರಯೋಗಾಲಯ ಅವುಗಳಲ್ಲೊಂದು ಎಂದು 2025ರಲ್ಲಿ ಮಾನ್ಯತೆ ಪಡೆಯಿತು. ಲಸಿಕೆ ನಿಂತು ಎರಡು ದಶಕ ದಾಟಿದೆ. ಹಾಗಾಗಿ ಇವತ್ತು ನಮ್ಮ ಕೊಟ್ಟಿಗೆಗಳಲ್ಲಿರುವ ಒಂದು ದನಕ್ಕೂ ಆ ರೋಗದ ಪ್ರತಿರೋಧವಿಲ್ಲ. ಎಲ್ಲಿಂದಲಾದರೂ ಅದು ಹೊರಬಿದ್ದರೆ ಮೊದಲು ಗುರುತಿಸಬೇಕಾದವರು ಅದನ್ನು ಎಂದೂ ಕಾಣದ ಯುವ ಪಶುವೈದ್ಯರು. ದೊಡ್ಡರೋಗ ಕಂಡು ನಿವೃತ್ತರಾದವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೂರಿಸಿ ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಈ ಶತಮಾನೋತ್ಸವದ ಜೊತೆಗೇ ಆಗಬೇಕು.

ಈಗ ಕಣ್ಣೆದುರಿಗಿರುವ ಗುರಿ ಪಿಪಿಆರ್. 2030ರೊಳಗೆ ಅದನ್ನು ಭೂಮಿಯಿಂದ ತೊಲಗಿಸಬೇಕೆಂದು ಜಗತ್ತಿನ ದೇಶಗಳು ಒಪ್ಪಿವೆ. ಒಂದು ಸೂಜಿ ಕನಿಷ್ಠ ಮೂರು ವರ್ಷ ಕಾಯುತ್ತದೆ, ಲಸಿಕೆ ನಮ್ಮದೇ ಹೆಬ್ಬಾಳದಲ್ಲಿ ತಯಾರಾಗುತ್ತದೆ. ಮಾಡದಕೆರೆ ಕಡೆಯ ಹಟ್ಟಿಗಳಲ್ಲಿ ಲಸಿಕೆ ಹಾಕಲು ತಂಡ ಬರಬೇಕಾದ್ದು ಹೊತ್ತು ಮೂಡುವ ಮೊದಲು, ಮಂದೆ ಇನ್ನೂ ರೊಪ್ಪದಲ್ಲಿರುವಾಗ; ಕಚೇರಿಯ ಹೊತ್ತಿಗೆ ಬಂದರೆ ಕುರಿ ಗುಡ್ಡದಲ್ಲಿರುತ್ತದೆ. ಮಂದೆ ಭದ್ರೆಯ ಕಡೆ ಹೊರಡುವ ಮುಂಚೆ ದೊಡ್ಡ ಕುರಿಗಳಿಗೆ ಹಾಕಿ ಮುಗಿಸಬೇಕು. ಹಾದಿಯಲ್ಲಿ ಹುಟ್ಟಿದ ಮರಿಗಳು ತಾಯಿ ಹಾಲಿನ ರಕ್ಷಣೆ ಇಳಿದು ಲಸಿಕೆಯ ವಯಸ್ಸಿಗೆ ಬರುವಷ್ಟರಲ್ಲಿ ಅವು ಬೇರೆ ಜಿಲ್ಲೆಯಲ್ಲಿರುತ್ತವೆ. ಆ ಮರಿಗಳ ಲೆಕ್ಕ ಚಿತ್ರದುರ್ಗದ್ದೋ ದಾವಣಗೆರೆಯದ್ದೋ ಶಿವಮೊಗ್ಗದ್ದೋ ಎಂದು ಮೂರೂ ಜಿಲ್ಲೆಯ ಅಧಿಕಾರಿಗಳು ಸುಗ್ಗಿಗೆ ಮೊದಲೇ ಕೂತು ತೀರ್ಮಾನಿಸಿಕೊಳ್ಳಬೇಕು.